ಹುಸೇನಸಾಬ ಮಾಸ್ತರರ ತಾಲೀಮು

೧೯೭೬ರಲ್ಲಿ ನಾನು ಸವಣೂರಿನಲ್ಲಿ ವಕೀಲಿ ಮಾಡುತ್ತಿದ್ದೆ. ಸನದು ಪಡೆದು ಮೂರು ವರ್ಷವಾಗಿತ್ತು. ಒಂದೇ ಊರಿನ ಕೆಲಸ ಹೊಟ್ಟೆಗೆ ಸಾಲದೆ ಶಿಗ್ಗಾಂವಿ, ಹಾನಗಲ್ಲು, ಕೆಲವೊಮ್ಮೆ ಹಿರೇಕೆರೂರಿನ ಕೋರ್ಟಿಗೂ ಬಸ್ಸು ಹತ್ತುತ್ತಿದ್ದೆ. ಬರುತ್ತಿದ್ದ ಕೇಸುಗಳೂ ಅಂಥವೇ. ಬದುವಿನ ಜಗಳ, ಹಾದಿಯ ಹಕ್ಕು, ಅಣ್ಣತಮ್ಮಂದಿರ ಆಸ್ತಿ ಪಾಲಿನ ವಾಟ್ನಿ. ನನ್ನ ಮೂವತ್ತೈದು ವರ್ಷದ ವೃತ್ತಿಯಲ್ಲಿ ಖೂನಿ ಕೇಸುಗಳನ್ನೂ ನಡೆಸಿದ್ದೇನೆ. ಆದರೆ ಯಾರಾದರೂ ನೀವು ಮರೆಯಲಾರದ ಕೇಸು ಯಾವುದು ಎಂದು ಕೇಳಿದರೆ ಬಾಯಿಗೆ ಬರುವುದು ಆ ವರ್ಷದ ಕೇಸೇ. ಅದರಲ್ಲಿ ಯಾರೂ ಯಾರನ್ನೂ ಹೊಡೆದಿರಲಿಲ್ಲ, ಯಾರೂ ಸುಳ್ಳು ಹೇಳಿರಲಿಲ್ಲ. ಇಡೀ ಕೇಸು ನಿಂತದ್ದು ‘ತಾಲೀಮು’ ಎಂಬ ಒಂದು ಶಬ್ದದ ಮೇಲೆ.

ನಮ್ಮ ಕಡೆ ಈ ಶಬ್ದ ಗೊತ್ತಿಲ್ಲದವರಿಲ್ಲ. ನಾಟಕ ಆಡುವ ಮುಂಚೆ ಮಾತು ಬಾಯಿಪಾಠ ಮಾಡಿ, ಹಾಡು ಕಲಿತು, ಎಲ್ಲಿ ನಿಲ್ಲಬೇಕು ಯಾವಾಗ ತಿರುಗಬೇಕು ಎಂದು ರೂಢಿ ಮಾಡಿಕೊಳ್ಳುತ್ತಾರಲ್ಲ, ಅದೇ ತಾಲೀಮು. ಓದಿದವರು ರಿಹರ್ಸಲ್ ಎನ್ನುತ್ತಾರೆ. ಸುಗ್ಗಿ ಮುಗಿದ ಮೇಲೆ ಯಾವ ಹಳ್ಳಿಗೆ ಹೋದರೂ ‘ತಾಲೀಮ ಹಚ್ಚ್ಯಾರ’ ಎಂಬ ಮಾತು ಕಿವಿಗೆ ಬೀಳುತ್ತಿತ್ತು.

ಆಗ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು. ಪತ್ರಿಕೆಗಳು ತೆಳ್ಳಗಾಗಿದ್ದವು, ಸಭೆಗಳು ನಿಂತಿದ್ದವು, ದೊಡ್ಡ ಊರುಗಳಲ್ಲಿ ಯಾರು ಯಾರನ್ನೋ ಒಳಗೆ ಹಾಕಿದ್ದಾರೆ ಎಂದು ಪಿಸುಮಾತಿನಲ್ಲಿ ಹೇಳಿಕೊಳ್ಳುತ್ತಿದ್ದರು. ನಮ್ಮಂಥ ತಾಲೂಕಿನ ವಕೀಲರಿಗೆ ಅದರ ಬಿಸಿ ಇನ್ನೂ ತಟ್ಟಿರಲಿಲ್ಲ. ಬದುವಿನ ಜಗಳಕ್ಕೆ ಯಾವ ಪರಿಸ್ಥಿತಿಯಾದರೇನು?

ಬೇಸಿಗೆಯ ಒಂದು ಮುಂಜಾನೆ ಕೋರ್ಟಿಗೆ ಹೊರಟಿದ್ದೆ. ಬಾಗಿಲಲ್ಲಿ ಮೆಹಬೂಬಿ ನಿಂತಿದ್ದಳು. ಅವಳು ಹುಸೇನಸಾಬ ಮಾಸ್ತರರ ಹೆಂಡತಿ. ಸೆರಗನ್ನು ಬಾಯಿಗೆ ಹಿಡಿದಿದ್ದಳು.

“ವಕೀಲ್ರ, ನಮ್ಮ ಮನಿಯವರನ್ನ ನಿನ್ನೆ ಸಂಜಿಮುಂದ ಪೊಲೀಸ್ರು ಕರಕೊಂಡು ಹೋಗ್ಯಾರ್ರಿ. ಏನೋ ಕೇಳಿ ಕಳಸ್ತೇವಿ ಅಂದ್ರು. ಇನ್ನೂ ಬಂದಿಲ್ರಿ.”

“ಏನು ಕೇಳೂದಿತ್ತಂತ?”

“ತಾಲೀಮಿನ ಬಗ್ಗೆ ಅಂತ್ರಿ.”

“ನಾಟಕದ ತಾಲೀಮ?”

“ಅವರಿಗೆ ಮತ್ಯಾವ ತಾಲೀಮು ಗೊತ್ತೈತ್ರಿ?”

ಹುಸೇನಸಾಬ ಮಾಸ್ತರರನ್ನು ನಾನು ಬಾಲ್ಯದಿಂದ ಬಲ್ಲೆ. ಪೇಟಿ ಮಾಸ್ತರ ಎಂದೇ ಅವರ ಹೆಸರು. ಪೇಟಿ ಎಂದರೆ ಹಾರ್ಮೋನಿಯಂ. ಹರೆಯದಲ್ಲಿ ಒಂದು ನಾಟಕ ಕಂಪನಿಯಲ್ಲಿ ಪೇಟಿ ಬಾರಿಸುತ್ತಿದ್ದರಂತೆ. ಕಂಪನಿ ಮುಳುಗಿದ ಮೇಲೆ ಸವಣೂರಿಗೆ ಬಂದು ಹಳ್ಳಿಯ ಜನರಿಗೆ ನಾಟಕ ಕಲಿಸುವುದನ್ನೇ ಉದ್ಯೋಗ ಮಾಡಿಕೊಂಡರು. ಹತ್ತಿಮತ್ತೂರು, ಹುಲಗೂರು, ಅತ್ತ ಹಂಸಭಾವಿಯವರೆಗೆ ಅವರಿಗೆ ಕರೆ ಇತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ನಾಟಕವನ್ನೂ ಅವರೇ ಕಲಿಸಿದ್ದರು. ನನ್ನದು ಬಾಣ ತಗಲಿ ಬೀಳುವ ಸೈನಿಕನ ಪಾರ್ಟು. ಒಂದು ಮಾತೂ ಇರಲಿಲ್ಲ. ಆದರೂ ನನ್ನನ್ನು ಅದೆಷ್ಟು ಸಲ ಬೀಳಿಸಿದರೋ! “ಸಾಯೂದು ಸುಲಭ ಐತೆಪಾ, ಬೀಳೂದು ಕಠಿಣ” ಎನ್ನುತ್ತಿದ್ದರು. ಐವತ್ತು ದಾಟಿದ ಸಣಕಲು ಮನುಷ್ಯ, ಒಡೆದ ದನಿ. ಯಾರ ಮೇಲೂ ಕೈ ಎತ್ತಿದ್ದನ್ನು ನಾನು ಕಂಡಿಲ್ಲ.

ಆ ವರ್ಷ ಸವಣೂರು ಮತ್ತು ಶಿಗ್ಗಾಂವಿಯ ನಡುವಿನ ಒಂದು ಹಳ್ಳಿಯವರು ಅವರನ್ನು ಕರೆಸಿದ್ದರು. ಹಳ್ಳಿಯ ಹೆಸರು ಹೇಳುವುದಿಲ್ಲ, ಠಾಣೆಯ ಹೆಸರೂ ಬೇಡ. ಅವರೆಲ್ಲರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ನಾಟಕ ಒಬ್ಬ ಪಾಳೆಯಗಾರನ ಕಥೆ, ಕೊನೆಗೆ ಕೋಟೆಯ ಬಾಗಿಲಲ್ಲಿ ದೊಡ್ಡ ಕಾಳಗ. ಹೊಲದ ಕೆಲಸ, ಊಟ ಮುಗಿಸಿ ಊರ ಹುಡುಗರು ಗೌಡರ ಹಳೆಯ ಹತ್ತಿ ಗೋದಾಮಿನಲ್ಲಿ ಸೇರುತ್ತಿದ್ದರು. ಹೆಂಗಸರು ಮಕ್ಕಳು ಬಂದು ನಕ್ಕು ಗದ್ದಲ ಮಾಡುತ್ತಾರೆಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗಿನಿಂದ ಕಟಕಟ ಸದ್ದು, ‘ಹೊಡಿ, ಕಡಿ’ ಎಂಬ ಕೂಗು. ಅದನ್ನು ಕೇಳಿ ಹಾದು ಹೋದ ಯಾರೋ ಠಾಣೆಯಲ್ಲಿ ಮಾತಿನ ನಡುವೆ ಅಲ್ಲಿ ದಿನಾ ತಾಲೀಮು ನಡೆಯುತ್ತದೆ ಎಂದರು. ಅವರೂ ಚಾಡಿ ಹೇಳಲೆಂದು ಹೇಳಿದವರಲ್ಲ.

ಠಾಣೆಯ ಫೌಜದಾರರು, ಅಂದರೆ ಸಬ್ ಇನ್ಸ್‌ಪೆಕ್ಟರರು, ಹೊಸದಾಗಿ ಬಂದವರು. ಕರಾವಳಿಯ ಕಡೆಯವರು. ನನ್ನನ್ನು ಕುರ್ಚಿ ಕೊಟ್ಟು ಕೂರಿಸಿದರು, ಚಹ ತರಿಸಿದರು.

“ಇದು ಸಣ್ಣ ಕೇಸಲ್ಲ ವಕೀಲರೇ. ಬಾಗಿಲು ಹಾಕಿ ಹುಡುಗರಿಗೆ ತಾಲೀಮು ಕೊಡ್ತಾ ಇದ್ದ. ನಾನು ಹೊಡೆದಿಲ್ಲ, ಬೈದಿಲ್ಲ. ಕೇಳಿದೆ, ಹೌದು ಅಂತ ಅವನೇ ಒಪ್ಪಿದ.”

“ಸಾಹೇಬ್ರ, ತಾಲೀಮು ಅಂದ್ರ ನಾಟಕ ಕಲಿಯೋದು.”

“ಎಂತ ನಾಟಕ? ನಮ್ಮ ಊರಲ್ಲಿ ತಾಲೀಮು ಅಂದ್ರೆ ಕತ್ತಿ, ದೊಣ್ಣೆ ತಿರುಗಿಸುವುದು. ಹಬ್ಬದ ಮೆರವಣಿಗೆಯಲ್ಲಿ ತಾಲೀಮಿನ ತಂಡವೇ ಉಂಟು. ಸರಿಯಾಗಿ ಕಲಿತವ ಒಬ್ಬನೇ ಹತ್ತು ಜನರಿಗೆ ಸಾಕು.”

“ಇವರ ಕತ್ತಿ ಕಟ್ಟಿಗಿವು. ಮಿಂಚಲಿ ಅಂತ ಬೇಗಡಿ ಹಚ್ಚ್ಯಾರ.”

“ಮರದ್ದೇ, ನಾನೂ ನೋಡಿದೆ. ನಮ್ಮಲ್ಲಿಯೂ ಕಲಿಯುವವರಿಗೆ ಮೊದಲು ಮರದ್ದೇ ಕೊಡುವುದು.”

ಕವಾಯತು ನಡೆಸುವ ಕೆಲವು ಸಂಘಟನೆಗಳನ್ನು ಸರಕಾರ ಆಗ ನಿಷೇಧಿಸಿತ್ತು. ಹುಡುಗರು ಗುಂಪುಗೂಡಿ ಮೈ ಪಳಗಿಸುವುದು ಕಂಡರೆ ಕೂಡಲೆ ವರದಿ ಮಾಡಬೇಕೆಂದು ಠಾಣೆಗಳಿಗೆ ಹುಕುಂ ಬಂದಿತ್ತು. ಫೌಜದಾರರು ಆ ಹುಕುಮಿನ ಪ್ರಕಾರ ನಡೆದಿದ್ದರು. ವರದಿ ಆ ಬೆಳಿಗ್ಗೆಯೇ ಮೇಲಕ್ಕೆ ಹೋಗಿಯಾಗಿತ್ತು.

ಮಾಸ್ತರರು ಲಾಕಪ್ಪಿನಲ್ಲಿ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಏನಾಯಿತು ಎಂದು ಕೇಳಿದೆ.

“ನೀನು ತಾಲೀಮು ನಡಸ್ತಿ ಏನು ಅಂತ ಕೇಳಿದ್ರು. ನಡಸ್ತೇನ್ರಿ, ಜಲ್ಮ ಎಲ್ಲಾ ಅದ ಮಾಡೇನಿ ಅಂದೆ. ಎಲ್ಲೆಲ್ಲಿ ಅಂದ್ರು. ಹುಲಗೂರು, ಹಂಸಭಾವಿ, ಹಾನಗಲ್ಲ ಕಡೀ ಹಳ್ಳಿ, ಎಲ್ಲಾ ಹೇಳಿದೆ. ಯಾವ ಹುಡುಗರು ಚಲೋ ತಯಾರಾಗ್ಯಾರ ಅಂದ್ರು. ಅವರ ಹೆಸರೂ ಹೇಳಿದೆ. ನನಗ ಖುಷಿ ಆತ್ರಿ ವಕೀಲ್ರ. ಸಾಹೇಬ್ರಿಗೆ ನಾಟಕದ ಹುಚ್ಚು ಐತಿ, ಬಂದು ನೋಡ್ತಾರ ಅಂತ ತಿಳಕೊಂಡೆ.”

ನನಗೆ ನಗು ಬಂತು. ಅವರೂ ನಕ್ಕರು. ಒಂದೆರಡು ದಿನದಲ್ಲಿ ಮುಗಿಯುವ ತಮಾಷೆ ಎಂದೇ ಇಬ್ಬರೂ ನಂಬಿದ್ದೆವು. ಹೊರಗೆ ಬಂದು ಕೇಳಿದರೆ, ಅವರು ಹೆಸರು ಹೇಳಿದ ಹುಡುಗರೆಲ್ಲ ಊರು ಬಿಟ್ಟು ಬೀಗರ ಊರುಗಳಿಗೆ ಓಡಿದ್ದರು. ಪಾಳೆಯಗಾರನ ಪಾರ್ಟಿನವನು ಎಲ್ಲಿದ್ದಾನೆಂದು ಅವನ ತಾಯಿಗೂ ಗೊತ್ತಿರಲಿಲ್ಲ. ಪೊಲೀಸರ ಕಣ್ಣಿಗೆ ಇದೂ ಒಂದು ಪುರಾವೆಯಾಯಿತು.

ಕೇಸು ಹಾಕಿದ್ದು ಭಾರತ ರಕ್ಷಣಾ ನಿಯಮಗಳ ಕೆಳಗೆ. ಸಾಮಾನ್ಯ ಕೇಸಿನಲ್ಲಿ ಜಾಮೀನು ಬೇಡ ಎನ್ನುವವರು ಕಾರಣ ಕೊಡಬೇಕು. ಇಲ್ಲಿ ತಿರುವುಮುರುವು. ಆರೋಪಿ ತಪ್ಪು ಮಾಡಿರಲಿಕ್ಕಿಲ್ಲ ಎಂದು ಕೋರ್ಟಿಗೆ ಮೊದಲೇ ಮನವರಿಕೆಯಾಗಬೇಕು, ಆಮೇಲೆ ಜಾಮೀನಿನ ಮಾತು. ಅಂದರೆ ನಾನು ಒಂದು ಶಬ್ದದ ಅರ್ಥವನ್ನು ಸಿದ್ಧ ಮಾಡಿ ತೋರಿಸಬೇಕಾಗಿತ್ತು. ವಕೀಲಿ ಓದುವಾಗ ಇದನ್ನು ಯಾರೂ ಕಲಿಸಿರಲಿಲ್ಲ.

ಮೊದಲು ಶಬ್ದಕೋಶ ತೆಗೆದೆ. ಅಲ್ಲಿ ಮೊದಲನೆಯ ಅರ್ಥ ‘ಅಂಗಸಾಧನೆ, ಗರಡಿಯ ಅಭ್ಯಾಸ’. ನಾಟಕದ ಅರ್ಥ ಕೊನೆಗೆ ಇತ್ತು. ಸರಕಾರಿ ವಕೀಲರು ಇದನ್ನೇ ತೆಗೆದು ತೋರಿಸಿದರೆ ಮುಗಿಯಿತು. ಪುಸ್ತಕ ಮುಚ್ಚಿಟ್ಟು ಸವಣೂರಿನ ಉರ್ದು ಶಾಲೆಯ ನಿವೃತ್ತ ಹೆಡ್‌ಮಾಸ್ತರರ ಮನೆಗೆ ಹೋದೆ. ಅವರು ಅರಬ್ಬಿ ಬಲ್ಲವರು.

“ಇದು ಅರಬ್ಬಿ ಶಬ್ದ. ಇಲ್ಮ್ ಅಂದ್ರ ಜ್ಞಾನ. ಇಲ್ಮ್ ಇದ್ದಾವ ಆಲಿಮ್. ಅದನ್ನ ಇನ್ನೊಬ್ಬರಿಗೆ ಕೊಡೂದು ತಾಲೀಮ್. ಶಾಲ್ಯಾಗ ನಾ ಮಾಡಿದ್ದೂ ತಾಲೀಮ, ಹುಸೇನಸಾಬ ಮಾಡಿದ್ದೂ ತಾಲೀಮ. ಹಂಗಾದ್ರ ನನ್ನನ್ನೂ ಹಿಡೀಬೇಕಲ್ರಿ?” ಎಂದರು. ತಮಾಷೆಗೆ ಹೇಳಿದರೂ ಮುಖದಲ್ಲಿ ನಗುವಿರಲಿಲ್ಲ. ಕೋರ್ಟಿಗೆ ಬಂದು ಇದನ್ನೇ ಹೇಳುವಿರಾ ಎಂದು ಕೇಳಿದೆ. “ಮಗಳ ಮದುವಿ ಗೊತ್ತಾಗೇತ್ರಿ,” ಎಂದರು. ಹೆಚ್ಚು ಒತ್ತಾಯಿಸುವ ಧೈರ್ಯ ನನಗಾಗಲಿಲ್ಲ. ಆ ದಿನಗಳಲ್ಲಿ ಪೊಲೀಸರ ಎದುರು ಹೆಸರು ಹೇಳಿಕೊಳ್ಳುವುದೆಂದರೆ ಏನೆಂದು ನನಗೂ ಗೊತ್ತಿತ್ತು.

ನಮ್ಮ ಕಾಕಾ, ಅಂದರೆ ಚಿಕ್ಕಪ್ಪ, ನಮ್ಮ ಮನೆಯಲ್ಲೇ ಇದ್ದರು. ಸಂಸ್ಕೃತ ಪಾಠ ಹೇಳಿದವರು, ಮರಾಠಿಯನ್ನೂ ಚೆನ್ನಾಗಿ ಬಲ್ಲವರು. ಈ ಶಬ್ದ ‘ತಾಳ’ದಿಂದ ಬಂದದ್ದು, ತಾಳ ಹಾಕಿ ಕಲಿಯುವುದರಿಂದ ತಾಲೀಮು ಎಂದು ಬಹಳ ದಿನ ನಂಬಿದ್ದರಂತೆ. ಹೆಡ್‌ಮಾಸ್ತರರ ಮಾತು ಹೇಳಿದಾಗ ಒಪ್ಪಿಕೊಂಡರು.

“ಹಂಗಾದ್ರ ಹಿಂಗ ಆಗಿರಬೇಕು ನೋಡು. ದಖ್ಖನದ ದರಬಾರಗಳ ಮುಖಾಂತರ ಮರಾಠಿಗೆ ಬಂತು. ಪುಣೆದ ಕಡೆ ಪೈಲವಾನರ ಗರಡಿಗೂ ತಾಲೀಮ ಅಂತಾರ, ನಾಟಕ ಕಲಿಯೋದಕ್ಕೂ ತಾಲೀಮ ಅಂತಾರ. ಮರಾಠಿ ನಾಟಕದವರು ನಮ್ಮ ಕಡೆ ಬಂದಾಗ ಅವರ ಶಬ್ದ ಇಲ್ಲೇ ಉಳೀತು. ಕಲಿಸೋದು ಅಂತನ ಮೂಲ ಅರ್ಥ. ಕುಸ್ತಿ ಕಲಿಸೋದು, ಹಾಡು ಕಲಿಸೋದು, ಯಾವುದಾದ್ರೂ ಆಗಬಹುದು. ಸಮುದ್ರದ ಕಡೆ ಕತ್ತಿ ವರಸಿಗೆ ನಿಂತದ, ನಮ್ಮ ಕಡೆ ನಾಟಕಕ್ಕ ನಿಂತದ.”

ಎರಡು ದಿನ ಕೂತು ಇದನ್ನೆಲ್ಲ ಅರ್ಜಿಯಲ್ಲಿ ಬರೆದೆ. ಅಷ್ಟು ಆಸ್ಥೆಯಿಂದ ನಾನು ಬೇರೆ ಯಾವ ಅರ್ಜಿಯನ್ನೂ ಬರೆದಿಲ್ಲ.

ಮ್ಯಾಜಿಸ್ಟ್ರೇಟರು ಧಾರವಾಡದ ಕಡೆಯವರು. ನಾನು ವಾದ ಶುರು ಮಾಡಿ ಅರಬ್ಬಿ ಶಬ್ದದವರೆಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

“ವಕೀಲ್ರ, ಇದು ನನಗ ಗೊತ್ತಿಲ್ಲೇನು? ಕಾಲೇಜಿನ್ಯಾಗ ಇದ್ದಾಗ ನಾನೂ ತಾಲೀಮಿಗೆ ಹೋಗೇನಿ. ಹೆಣ್ಣಿನ ಪಾರ್ಟು ಮಾಡೇನಿ.”

ಕೋರ್ಟಿನಲ್ಲಿದ್ದವರು ನಕ್ಕರು. ಸರಕಾರಿ ವಕೀಲರೂ ನಕ್ಕರು. ಅವರೂ ನಮ್ಮ ಕಡೆಯವರೇ, ತಾಲೀಮು ಎಂದರೇನೆಂದು ಅವರಿಗೂ ಗೊತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಜಾಮೀನು ಮಂಜೂರಾಯಿತು. ಮೆಹಬೂಬಿ ಕೋರ್ಟಿನ ಕಟ್ಟೆಯ ಮೇಲೆ ಬುತ್ತಿ ಇಟ್ಟುಕೊಂಡು ಕೂತಿದ್ದಳು. ಮಾಸ್ತರರು ಮೆಟ್ಟಿಲು ಇಳಿದು ಅವಳತ್ತ ಹೋಗುತ್ತಿದ್ದರು. ಅಷ್ಟರಲ್ಲಿ ಒಂದು ಜೀಪು ಬಂದು ನಿಂತಿತು. ಅದರಿಂದ ಇಳಿದ ಅಧಿಕಾರಿ ಮಾಸ್ತರರ ಹೆಸರು ಕೇಳಿ, ಒಂದು ಹಾಳೆ ಕೊಟ್ಟು, ಸಹಿ ಮಾಡಲು ಹೇಳಿದ. ನಾನು ಓಡಿಹೋಗಿ ಓದಿದೆ. ಅದು ಮೀಸಾ ಕಾಯಿದೆಯ ಕೆಳಗಿನ ಬಂಧನದ ಆಜ್ಞೆ.

ಮೀಸಾ ಎಂದರೇನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಅದರ ಕೆಳಗೆ ಹಿಡಿದವರ ಮೇಲೆ ಆರೋಪ ಸಾಬೀತಾಗಬೇಕಿರಲಿಲ್ಲ. ಯಾಕೆ ಹಿಡಿದಿದ್ದೇವೆಂದು ಹೇಳಬೇಕಾಗಿಯೂ ಇರಲಿಲ್ಲ. ಕಾರಣ ಕೇಳುವ ಅಧಿಕಾರ ಆ ದಿನಗಳಲ್ಲಿ ಯಾವ ಕೋರ್ಟಿಗೂ ಉಳಿದಿರಲಿಲ್ಲ. ನಾನು ಒಳಗೆ ಹೋಗಿ ಮ್ಯಾಜಿಸ್ಟ್ರೇಟರ ಮುಂದೆ ನಿಂತೆ. ಅವರು ಕಿಟಕಿಯಿಂದ ಎಲ್ಲವನ್ನೂ ನೋಡಿದ್ದರು.

“ನನ್ನ ಕಡೆ ಏನೂ ಇಲ್ಲ ವಕೀಲ್ರ. ಹೋಗ್ರಿ, ಆ ಹೆಣ್ಮಗಳಿಗೆ ಒಂದೀಟು ಸಮಾಧಾನ ಹೇಳ್ರಿ,” ಎಂದರು.

ಹೊರಗೆ ಬಂದಾಗ ಜೀಪು ಹೋಗಿಬಿಟ್ಟಿತ್ತು. ಬುತ್ತಿ ಮೆಹಬೂಬಿಯ ಕೈಯಲ್ಲೇ ಇತ್ತು. ಅವಳಿಗೆ ಏನು ಹೇಳಿದೆನೋ ನೆನಪಿಲ್ಲ. ಸಮಾಧಾನವಾಗುವಂಥದ್ದು ಏನನ್ನೂ ಹೇಳಿರಲಿಕ್ಕಿಲ್ಲ.

ಅಲ್ಲಿಂದ ಮುಂದಿನ ತಿಂಗಳುಗಳು ಬಸ್ಸು, ಅರ್ಜಿ, ಬೆಂಚು. ಆಗ ನಮಗೆ ಜಿಲ್ಲಾಸ್ಥಳವಾಗಿದ್ದ ಧಾರವಾಡಕ್ಕೆ ಎಷ್ಟು ಸಲ ಹೋದೆನೆಂದು ಲೆಕ್ಕವಿಟ್ಟಿಲ್ಲ. ಜಿಲ್ಲೆಯ ಕಚೇರಿಯಲ್ಲಿ ಒಬ್ಬ ಹಿರಿಯ ಅಧಿಕಾರಿ ನನ್ನ ಅರ್ಜಿಯನ್ನು ಪೂರ್ತಿ ಓದಿದರು. ಓದಿ, “ಚಲೋ ಬರದೀರಿ. ತಾಲೀಮು ಅಂದ್ರ ನಾಟಕದ್ದ, ಇದರಾಗ ಸಂಶಯ ಇಲ್ಲ,” ಎಂದರು. ಹಾಗಾದರೆ ಬಿಡಬಹುದಲ್ಲ ಎಂದೆ. “ಆಜ್ಞೆದಾಗ ತಾಲೀಮಿನ ಮಾತ ಇಲ್ಲಲ್ಲ. ಸಾರ್ವಜನಿಕ ಶಾಂತಿಗೆ ಧಕ್ಕೆ ಅಂತ ಇಷ್ಟ ಅದ. ನೀವು ಯಾವ ಶಬ್ದಕ್ಕ ಉತ್ತರ ಕೊಡ್ತೀರಿ?” ಎಂದು ಕೇಳಿದರು. ಕಟುವಾಗಿ ಕೇಳಿದ್ದಲ್ಲ. ನಿಜವಾಗಿ ನನಗೆ ತಿಳಿಸಿ ಹೇಳುತ್ತಿದ್ದರು.

ಆ ಫೌಜದಾರರೂ ಒಮ್ಮೆ ನನ್ನ ಮನೆಗೆ ಬಂದರು. ಮಳೆಗಾಲ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಹುಲಗೂರಿನ ಕಡೆ ಬಂದೋಬಸ್ತಿಗೆ ಹೋಗಿ, ಒಂದು ಹಳ್ಳಿಯಲ್ಲಿ ನಾಟಕದ ಜಾಹೀರು ಹೇಳುವುದನ್ನು ಕಿವಿಯಾರೆ ಕೇಳಿದ್ದರು. ಎರಡು ತಿಂಗಳ ತಾಲೀಮು ಮಾಡಿ ಆಡುತ್ತಿರುವ ನಾಟಕ ಎಂದು ಒಬ್ಬ ಡಂಗುರ ಹೊಡೆಯುತ್ತಿದ್ದನಂತೆ.

“ನನ್ನಿಂದ ತಪ್ಪಾಯ್ತು ಮಾರಾಯ್ರೆ. ಇನ್ನೊಂದು ವರದಿ ಬರೆದು ಕಳಿಸಿದ್ದೇನೆ, ಮೊದಲನೆಯದು ತಪ್ಪು ತಿಳುವಳಿಕೆಯಿಂದ ಬರೆದದ್ದು ಅಂತ. ಉತ್ತರ ಬಂದಿಲ್ಲ. ಮೇಲೆ ಕೇಳಿದರೆ, ಒಂದು ಸಲ ಹೋದದ್ದನ್ನು ತಿರುಗಿ ಕೆದಕಬೇಡ ಹೇಳ್ತಾರೆ. ನನಗೂ ಹೆಂಡತಿ ಮಕ್ಕಳು ಉಂಟು.”

ಅವರ ಮೇಲೆ ನನಗೆ ಬಹಳ ಸಿಟ್ಟಿತ್ತು. ಎದುರು ಕೂತು ಅಷ್ಟು ಹೇಳಿದ ಮೇಲೆ ಆ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆ ಹೊತ್ತಿಗೆ ಠಾಣೆಯಿಂದ ಜಿಲ್ಲೆಯವರೆಗೆ, ಈ ಕೇಸು ಮುಟ್ಟಿದ ಪ್ರತಿಯೊಬ್ಬರಿಗೂ ತಾಲೀಮು ಎಂದರೇನೆಂದು ಗೊತ್ತಾಗಿತ್ತು. ಮಾಸ್ತರರು ಮಾತ್ರ ಒಳಗೇ ಇದ್ದರು.

ಮೆಹಬೂಬಿ ಪ್ರತಿ ವಾರ ಕೋರ್ಟಿಗೆ ಬರುತ್ತಿದ್ದಳು. ಅದೇ ಕಟ್ಟೆಯ ಮೇಲೆ ಕೂರುತ್ತಿದ್ದಳು. ನಾನು ಹೊರಗೆ ಬಂದ ಕೂಡಲೆ “ಏನಾತ್ರಿ?” ಎನ್ನುತ್ತಿದ್ದಳು. “ಅರ್ಜಿ ಕೊಟ್ಟೇವಿ, ನೋಡೂಣು,” ಎನ್ನುತ್ತಿದ್ದೆ. ಚಳಿಗಾಲದಲ್ಲಿ ಒಂದು ದಿನ ಅವಳು ಏನೂ ಕೇಳಲಿಲ್ಲ.

“ಇನ್ನ ನಾ ಬರೂದಿಲ್ರಿ ವಕೀಲ್ರ.”

ನನ್ನ ಮೇಲೆ ಬೇಸರವಾಯಿತೇ, ಬೇರೆ ವಕೀಲರನ್ನು ನೋಡುತ್ತೀರಾ ಎಂದೆ.

“ಅಲ್ರಿ. ನೀವು ಮಾಡೂದೆಲ್ಲಾ ಮಾಡೀರಿ. ನನ್ನ ಕಂಡ ಕೂಡ್ಲೆ ನಿಮ್ಮ ಮಾರಿ ಸಣ್ಣದಾಗ್ತೈತ್ರಿ. ದಿನಾ ನಾಕ ಮಂದಿ ಕೆಲಸ ಮಾಡವ್ರು ನೀವು. ನಾ ಬಂದು ಕುಂತ್ರ ಅವರ ಕೆಲಸಾನೂ ಕೆಡತೈತಿ.”

ಕಕ್ಷಿದಾರರು ನನ್ನನ್ನು ಬೈದದ್ದುಂಟು, ಹೊಗಳಿದ್ದುಂಟು. ಕಕ್ಷಿದಾರಳೊಬ್ಬಳು ನನ್ನ ಮೇಲೆ ಕನಿಕರ ಪಟ್ಟದ್ದು ಅದೊಂದೇ ಸಲ. ಅವಳು ಸೆರಗು ಸರಿಮಾಡಿಕೊಂಡು ಹೋದಳು. ಒಳಗೆ ನನ್ನ ಕೇಸಿನ ಕೂಗು ಹಾಕಿದ್ದರು. ನಾನು ಒಳಗೆ ಹೋದೆ.

ಜೈಲು ದೂರದ ಜಿಲ್ಲೆಯಲ್ಲಿತ್ತು. ಒಂದೇ ಸಲ ಭೇಟಿಗೆ ಅನುಮತಿ ಸಿಕ್ಕಿತು. ಮಾಸ್ತರರು ಇನ್ನೂ ಇಳಿದುಹೋಗಿದ್ದರು. ಒಳಗೆ ಬೇರೆ ಬೇರೆ ಪಕ್ಷಗಳ ದೊಡ್ಡ ದೊಡ್ಡ ಮಂದಿ ಇದ್ದರು. ಯಾವ ಪಾರ್ಟಿ ಎಂದು ಇವರನ್ನು ಕೇಳಿದರಂತೆ.

“ನಾಟಕದ ಪಾರ್ಟಿ ಅಂದೆ. ಎಲ್ಲಾರೂ ನಕ್ರು. ಅವರು ಏನೋ ಒಂದಕ್ಕ ಬಂದವ್ರು, ಅದಕ್ಕ ಧೈರ್ಯ ಐತಿ ಅವರಿಗೆ. ನಾ ಯಾತಕ್ಕ ಬಂದೇನಿ ಅನ್ನೂದ ತಿಳಿವಲ್ದು. ಅವರು ಬಿಟ್ಟು ಹೊರಗ ಹೋದ್ರ ಹಾರ ಹಾಕ್ತಾರ. ನನಗೇನ ಹಾಕ್ತಾರ್ರಿ?”

೧೯೭೭ರ ಚುನಾವಣೆಯ ಫಲಿತಾಂಶ ಬಂದಾಗ ಎಲ್ಲರ ಜೊತೆಗೆ ಅವರನ್ನೂ ಬಿಟ್ಟರು. ನನ್ನ ಯಾವ ಅರ್ಜಿಗೂ ಇದರಲ್ಲಿ ಪಾಲಿಲ್ಲ. ಕೇಸೂ ವಜಾ ಆಯಿತು. ತಾಲೀಮು ಎಂದರೇನು ಎಂಬ ಬಗ್ಗೆ ಯಾವ ತೀರ್ಪಿನಲ್ಲೂ ಒಂದು ಸಾಲೂ ಇಲ್ಲ. ಆ ಹಳ್ಳಿಯ ಹುಡುಗರು ತಿರುಗಿ ಬಂದರು. ಆದರೆ ಗೋದಾಮಿನ ಬಾಗಿಲು ತೆಗೆಯುವವರಿರಲಿಲ್ಲ. ಪಾಳೆಯಗಾರನ ಕಾಳಗ ಅರ್ಧಕ್ಕೇ ನಿಂತಿತು.

ಮಾಸ್ತರರು ಸವಣೂರಿನಲ್ಲೇ ಇದ್ದರು. ಪೇಟೆಯಲ್ಲಿ ಸಿಕ್ಕಾಗ ಮಾತಾಡುತ್ತಿದ್ದರು. ಆದರೆ ಅವರಲ್ಲಿ ಒಂದು ಹೊಸ ರೂಢಿ ಬಂದಿತ್ತು. ಏನು ಕೇಳಿದರೂ ಕೂಡಲೆ ಉತ್ತರ ಕೊಡುತ್ತಿರಲಿಲ್ಲ. “ಊರಿಗೆ ಹೋಗಿದ್ರೇನು?” ಎಂದರೆ, “ಯಾಕ ಕೇಳ್ತೀರಿ?” ಎನ್ನುತ್ತಿದ್ದರು. ಮನೆಯಲ್ಲಿ ಊಟ ಆಯಿತೇ ಎಂದರೂ ಒಂದು ಗಳಿಗೆ ಕೇಳಿದವರ ಮುಖ ನೋಡುತ್ತಿದ್ದರು. ಒಮ್ಮೆ ಮೆಹಬೂಬಿಯೇ ಹೇಳಿದಳು, “ಹೌದು ಅನ್ನೂದನ್ನ ಬಿಟ್ಟ ಬಿಟ್ಟಾರ್ರಿ.”

ಎಂಬತ್ತರ ದಶಕದ ಆರಂಭದಲ್ಲಿ ಹಾನಗಲ್ಲಿನ ಕೆಲವು ಯುವಕರು ನನ್ನ ಬಳಿ ಬಂದರು. ನಾಟಕ ಆಡುವವರಿದ್ದರು, ಮಾಸ್ತರರನ್ನು ಒಪ್ಪಿಸಿಕೊಡಿ ಎಂದರು. ನನಗೆ ಆಸೆ ಹುಟ್ಟಿತು. ನಾನೇ ಅವರ ಮನೆಗೆ ಹೋಗಿ ಕೇಳಿದೆ. ಅವರು ತಮ್ಮ ಬೆರಳು ನೋಡುತ್ತ ಹೇಳಿದರು.

“ಕಲಸಾಕ ಮನಸಿಲ್ಲ ಅಂತಲ್ರಿ. ಒಬ್ಬ ಹುಡುಗಗ ಹಿಂಗ ನಿಂದ್ರು, ಹಿಂಗ ಅನ್ನು ಅಂತ ಹೇಳಬೇಕಾಗ್ತೈತಿ. ನಾ ಹೇಳಿದ್ದನ್ನ ಅಂವ ಮಾಡ್ತಾನ. ನಾಳೆ ಅದರಿಂದ ಅಂವಗ ಏನರ ಆದ್ರ? ಆ ಹುಡುಗರ ಹೆಸರು ನನ್ನ ಬಾಯಿಂದನ ಬಂದ್ವಲ್ರಿ.”

ಅಷ್ಟು ವರ್ಷ ಅವರನ್ನು ಕಾಡಿದ್ದು ಜೈಲಲ್ಲ ಎಂದು ನನಗೆ ತಿಳಿದದ್ದು ಆವತ್ತು. ಆ ಹುಡುಗರಿಗೆ ಏನೂ ಆಗಲಿಲ್ಲ, ಎಲ್ಲರೂ ಚೆನ್ನಾಗಿದ್ದಾರೆ ಎಂದೆ. “ಗೊತ್ತೈತ್ರಿ,” ಎಂದರು. ಗೊತ್ತಿದ್ದೂ ಅವರು ಹಾನಗಲ್ಲಿಗೆ ಹೋಗಲಿಲ್ಲ. ಯುವಕರು ಬೇರೆಯವರನ್ನು ಹುಡುಕಿಕೊಂಡರು.

ಆ ಕೇಸಿನ ನಂತರ ನನ್ನ ಕೆಲಸದಲ್ಲಿ ಒಂದು ಪದ್ಧತಿ ಬಂತು. ಸಾಕ್ಷಿಗೋ ಆರೋಪಿಗೋ ಕೋರ್ಟಿಗೆ ಮುಂಚೆ ಒಂದು ಮಾತು ಹೇಳುತ್ತಿದ್ದೆ. ಮಾಡಿದ ಕೆಲಸದ ಹೆಸರು ಹೇಳಬೇಡ, ಮಾಡಿದ ಕೆಲಸ ಹೇಳು. ಹಿರೇಕೆರೂರಿನ ಕೋರ್ಟಿನಲ್ಲಿ ಹಂಸಭಾವಿಯ ಒಬ್ಬ ರೈತ ‘ನಾನು ಅವರ ಹೊಲದಾಗ ಕೈ ಹಾಕಿದ್ದು ಖರೆ’ ಎನ್ನಲು ಹೊರಟಿದ್ದ. ಹಾಗೆನ್ನದೆ ‘ಬಿದ್ದ ಬದುವಿನ ಕಲ್ಲು ಎತ್ತಿ ಇಟ್ಟೆ’ ಎಂದು ಹೇಳಿ ಮನೆಗೆ ಹೋದ. ಕಿರಿಯ ವಕೀಲರಿಗೂ ಇದನ್ನೇ ಕಲಿಸಿದ್ದೇನೆ. ಉಪಯೋಗದ ಮಾತು ಎನ್ನುತ್ತಾರೆ ಅವರು.

ಉಪಯೋಗದ ಮಾತೇ. ಆದರೆ ಇದರಿಂದ ಹುಸೇನಸಾಬ ಮಾಸ್ತರರು ಉಳಿಯುತ್ತಿದ್ದರೆಂದು ನಾನು ಯಾರಿಗೂ ಹೇಳಿಲ್ಲ. ಅವರ ಮಾತಿನ ಅರ್ಥ ಎಲ್ಲರಿಗೂ ತಿಳಿಯಿತು, ತಿಳಿದ ಮೇಲೂ ಬಾಗಿಲು ತೆಗೆಯಲಿಲ್ಲ. ತಿಳಿಸಿ ಹೇಳಿದರೆ ನ್ಯಾಯ ಸಿಗುತ್ತದೆ ಎಂದು ನಂಬಿ ನಾನು ಈ ವೃತ್ತಿಗೆ ಬಂದವನು. ಕೇಳಲೇಬೇಕೆಂಬ ಕಟ್ಟುಪಾಡು ಇಲ್ಲದವನಿಗೆ ಎಷ್ಟು ತಿಳಿಸಿ ಹೇಳಿದರೂ ಅಷ್ಟೇ ಎಂಬುದನ್ನು ಈ ವೃತ್ತಿಯೇ ನನಗೆ ಕಲಿಸಿತು. ಅದನ್ನು ಕಲಿತ ಮೇಲೂ ಮರುದಿನ ಕೋಟು ಹಾಕಿಕೊಂಡು ಶಿಗ್ಗಾಂವಿಯ ಬಸ್ಸು ಹತ್ತಬೇಕಾಗಿತ್ತು. ಹತ್ತಿದೆ. ಅಲ್ಲಿ ಇನ್ನೊಬ್ಬ ಕಕ್ಷಿದಾರ ಕಾಯುತ್ತಿದ್ದ.